ಹೃದಯದ ಸಂಕಟಕ್ಕೆ ರಕ್ತದ ಸಾಕ್ಷಿ

ಮನೆಯಲ್ಲಿ ಯಾರಿಗಾದರೂ ಮೈ ಬೆಚ್ಚಗಾಯಿತೆಂದರೆ ಹಣೆಯ ಮೇಲೆ ಅಂಗೈಯಿಟ್ಟು ನೋಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಕಾಲಕ್ರಮದಲ್ಲಿ ನಾಡಿ ಹಿಡಿದು ನೋಡುವ ಪಂಡಿತರ ಜಾಗಕ್ಕೆ ಪಾದರಸದ ಕಡ್ಡಿಯೂ ರಕ್ತದೊತ್ತಡ ಅಳೆಯುವ ಪಟ್ಟಿಯೂ ಬಂದವು. ಇಂದು ತೋಳಿನಿಂದ ತೆಗೆದ ತುಸು ರಕ್ತವು ಪ್ರಯೋಗಾಲಯವನ್ನು ಹೊಕ್ಕು, ಕಾಗದದ ಮೇಲೆ ಅಂಕಿಗಳ ಸಾಲಾಗಿ ಹೊರಬರುತ್ತದೆ. ಅಂಗೈ ಹೇಳಿದ್ದು ತಾಯಿಗೆ ತಿಳಿಯುತ್ತಿತ್ತು. ಅಂಕಿಗಳು ಹೇಳುವುದು ರೋಗಿಗೂ ತಿಳಿಯದು, ರೋಗಿಯ ಮನೆಯವರಿಗೂ ತಿಳಿಯದು; ಆದರೆ ಆ ಅಂಕಿಗಳನ್ನು ಮುಂದಿಟ್ಟುಕೊಂಡು ನಿರ್ಧಾರ ಕೈಗೊಳ್ಳಬೇಕಾದವರು ಮನೆಯವರೇ ಆಗಿರುತ್ತಾರೆ. ಈ ಇಕ್ಕಟ್ಟಿನ ಕುರಿತು ನಾಲ್ಕು ಮಾತುಗಳನ್ನು ಶರಣಬಂಧುಗಳ ಮುಂದಿಡಬೇಕೆಂಬುದು ನಮ್ಮ ಬಹುದಿನಗಳ ಅಪೇಕ್ಷೆ.

ನಾವು ವೈದ್ಯರಲ್ಲ. ಬೆಂಗಳೂರಿನ ದಕ್ಷಿಣ ಅಂಚಿನ ಉತ್ತರಹಳ್ಳಿಯಲ್ಲಿ ನೆಲೆಸಿರುವ ಸಾಮಾನ್ಯ ಸಂಸಾರಿಗಳು. ಕಣ್ಣಾರೆ ಕಂಡದ್ದು ಕೊಂಚ, ಬಲ್ಲವರನ್ನು ಕೇಳಿ ತಿಳಿದದ್ದು ಕೊಂಚ, ಆಮೇಲೆ ಓದಿಕೊಂಡದ್ದು ಕೊಂಚ. ವೈರಾಣುವಿನ ಸೋಂಕಿನಿಂದ ಆಸ್ಪತ್ರೆ ಸೇರಿದವರ ರಕ್ತದಲ್ಲಿ ಹೃದಯದ ನೋವನ್ನು ಸೂಚಿಸುವ ಕೆಲವು ವಸ್ತುಗಳು ಕಾಣಿಸಿಕೊಳ್ಳುವುದೇಕೆ, ಕಾಣಿಸಿಕೊಂಡರೆ ಮುಂದೇನು ಎಂಬುದೇ ಇಲ್ಲಿಯ ವಿಷಯ. ಒಣ ವಿಷಯವೆಂದು ಪುಟ ತಿರುಗಿಸದಿರಬೇಕೆಂದು ವಿನಂತಿ. ಇಂಥ ಒಂದು ಅಂಕಿಯ ಸುತ್ತ ನಮ್ಮ ಮನೆಯಲ್ಲಿ ಒಂದು ಇಡೀ ರಾತ್ರಿ ಒಬ್ಬರ ಪ್ರಾಣದ ವಿಚಾರ ನಡೆದಿದೆ.

ಉತ್ತರಹಳ್ಳಿಯು ಹೋಬಳಿಯ ಕೇಂದ್ರವಾಗಿದ್ದ ಹಳೆಯ ಊರು. ಒಂದು ಕಡೆ ಬನಶಂಕರಿ, ಇನ್ನೊಂದು ಕಡೆ ಕೆಂಗೇರಿಗೆ ಹೋಗುವ ರಸ್ತೆ, ಆಚೆಗೆ ತುರಹಳ್ಳಿಯ ಕಾಡು. ಹೊಲಗಳಿದ್ದ ಕಡೆ ಬಡಾವಣೆಗಳೆದ್ದು, ತುಮಕೂರು, ಚಿತ್ರದುರ್ಗ, ದಾವಣಗೆರೆಗಳ ಕಡೆಯಿಂದ ಬಂದ ಅನೇಕ ಕುಟುಂಬಗಳು ಇಲ್ಲಿ ಮನೆ ಕಟ್ಟಿಕೊಂಡಿವೆ. ಸಂಜೆಯಾದರೆ ಬಾಗಿಲಲ್ಲಿ ನಿಂತು ಮಾತನಾಡುವ ಅಭ್ಯಾಸ ನಮ್ಮ ಬೀದಿಯಲ್ಲಿ ಇಂದಿಗೂ ಉಳಿದಿದೆ. ಅಂಥ ಬೀದಿಯು ಕದ ಮುಚ್ಚಿಕೊಂಡು ಕುಳಿತ ಕಾಲವೊಂದಿತ್ತು. ದೇಶದಲ್ಲಿಯೇ ಕೋವಿಡ್ ರೋಗಕ್ಕೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಅದೇ ತಿಂಗಳ 25ರಿಂದ ದೇಶವೇ ಸ್ತಬ್ಧವಾಯಿತು. ಮರುವರ್ಷ ಎರಡನೆಯ ಅಲೆ ಬಂದಾಗ, 2021ರ ಮೇ 5ರ ಒಂದೇ ದಿನ ಕರ್ನಾಟಕದಲ್ಲಿ 50,000ಕ್ಕೂ ಹೆಚ್ಚು ಹೊಸ ಸೋಂಕುಗಳು ದಾಖಲಾದವು. ಆ ವಾರದಲ್ಲಿಯೇ ನಮ್ಮ ಭಾವನವರು ಹಾಸಿಗೆ ಹಿಡಿದರು.

ಮೇ ತಿಂಗಳ ಆ ರಾತ್ರಿ

ಭಾವನವರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಆಗ ಅವರಿಗೆ 62 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಜ್ವರ ಬಂದ ಆರನೆಯ ದಿನ ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕದ ಪ್ರಮಾಣ 88ಕ್ಕೆ ಇಳಿದಿತ್ತು. ಒಂದು ಹಾಸಿಗೆಗಾಗಿ ಮಹಾನಗರಪಾಲಿಕೆಯ ಬಿ.ಯು. ಸಂಖ್ಯೆ ಹಿಡಿದುಕೊಂಡು ಒಂದೂವರೆ ದಿನ ದೂರವಾಣಿಯ ಮುಂದೆ ಕುಳಿತೆವು. ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜಾಗ ದೊರೆಯಿತು. ಒಳಗೆ ಹೋದವರ ಮುಖ ನೋಡುವ ಅವಕಾಶ ಯಾರಿಗೂ ಇರಲಿಲ್ಲ. ದಿನಕ್ಕೊಮ್ಮೆ ಸಂಜೆಯ ವೇಳೆ ಒಬ್ಬ ತರುಣ ವೈದ್ಯೆ ಅಕ್ಕನವರಿಗೆ ದೂರವಾಣಿ ಮಾಡಿ ವಿವರ ತಿಳಿಸುತ್ತಿದ್ದರು.

ಎರಡನೆಯ ದಿನ ಆಕೆ ಹೇಳಿದರು: “ಅಮ್ಮಾ, ಆಮ್ಲಜನಕ ಹಾಕಿದ್ದೇವೆ, ಉಸಿರಾಟ ಸ್ವಲ್ಪ ಪರವಾಗಿಲ್ಲ. ಆದರೆ ಟ್ರೋಪೊನಿನ್ ಅಂತ ಒಂದು ರಕ್ತಪರೀಕ್ಷೆ ಮಾಡಿದ್ವಿ. ಇರಬೇಕಾದ್ದಕ್ಕಿಂತ ಒಂಬತ್ತು ಪಟ್ಟು ಜಾಸ್ತಿ ಬಂದಿದೆ.”

“ಹಾಗಂದ್ರೆ ಹಾರ್ಟ್ ಅಟ್ಯಾಕ್ ಆಗಿದೆಯಾ ಡಾಕ್ಟ್ರೇ?”

“ಹಾಗಂತ ಈಗಲೇ ಹೇಳೋಕಾಗಲ್ಲಮ್ಮ. ಹೃದಯಕ್ಕೆ ಪೆಟ್ಟು ಬಿದ್ದಿದೆ ಅಂತ ಮಾತ್ರ ಗೊತ್ತಾಗ್ತಿದೆ. ಯಾಕೆ ಬಿತ್ತು ಅಂತ ನೋಡ್ತಿದ್ದೀವಿ. ಇನ್ನು ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೀತೀವಿ.”

ಈ ಸುದ್ದಿ ನೆಂಟರಿಷ್ಟರಲ್ಲಿ ಹರಡಲು ತಡವಾಗಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಊರಿನ ಕಡೆಯ ಹಿರಿಯರೊಬ್ಬರು ದೂರವಾಣಿಯಲ್ಲಿ ಬಂದರು. ಅವರ ಮೊಮ್ಮಗ ಎಲ್ಲಿಯೋ ಓದಿ ಹೇಳಿದ್ದನಂತೆ: ಈ ಕಾಯಿಲೆಯಲ್ಲಿ ಟ್ರೋಪೊನಿನ್ ಏರಿದವರಲ್ಲಿ ಅರ್ಧ ಜನ ಉಳಿಯುವುದಿಲ್ಲ. ದಿನವೊಂದಕ್ಕೆ ಇಷ್ಟು ಸಾವಿರವೆಂದು ಬಿಲ್ಲು ಏರುತ್ತಿತ್ತು. ಮಗಳ ಮದುವೆಗೆಂದು ಇಟ್ಟುಕೊಂಡಿದ್ದ ನಿವೇಶನವೊಂದೇ ಆಸರೆ. “ಸೈಟು ಮಾರಿ ಸುರಿದ್ರೂ ದಕ್ಕೋ ಹಾಗಿಲ್ಲ ಅಂದ್ಮೇಲೆ, ಮನೆಗಾದ್ರೂ ಕರ್ಕೊಂಡು ಬನ್ನಿ. ಕೊನೇಲಿ ನಮ್ಮವರ ಕಣ್ಮುಂದೆ ಇರ್ಲಿ” ಎಂದರು ಅವರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಕನಿಕರವಿತ್ತು. ಆ ದಿನಗಳಲ್ಲಿ ಹೋದವರಿಗೆ ವಿಭೂತಿ ಧರಿಸಿ ಸಮಾಧಿ ಮಾಡುವ ಅವಕಾಶವೂ ಅನೇಕ ಮನೆಗಳಿಗೆ ದೊರೆತಿರಲಿಲ್ಲವೆಂಬುದನ್ನು ನೆನೆದರೆ ಅವರ ಕಳವಳ ಅರ್ಥವಾದೀತು.

ನಾವೆಲ್ಲ ಸುಮ್ಮನೆ ಕುಳಿತಿದ್ದೆವು. ಯಾರೂ ಬಾಯಿ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಅಕ್ಕನವರೇ ಹೇಳಿದರು: “ಅರ್ಧ ಜನ ಹೋಗ್ತಾರೆ ಅಂದ್ರೆ ಅರ್ಧ ಜನ ಉಳೀತಾರೆ ಅಂತಲೂ ಆಯ್ತಲ್ಲ. ಇವರು ಯಾವ ಅರ್ಧದಲ್ಲಿದ್ದಾರೆ ಅಂತ ಆ ಲೆಕ್ಕಕ್ಕೆ ಗೊತ್ತಾ?”

ಅಕ್ಕನವರು ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ಸಂಖ್ಯಾಶಾಸ್ತ್ರವನ್ನು ಅರೆದು ಕುಡಿದವರೂ ಮರೆಯುವ ಸತ್ಯವೊಂದು ಆ ಮಾತಿನಲ್ಲಿತ್ತೆಂದು ನಮಗೆ ಇಂದಿಗೂ ಅನಿಸುತ್ತದೆ.

ಟ್ರೋಪೊನಿನ್ ಎಂದರೇನು?

ನಮ್ಮ ಹೃದಯವು ಒಂದು ಹಿಡಿಯಷ್ಟು ಗಾತ್ರದ ಮಾಂಸಖಂಡ. ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಅದು ಹಿಗ್ಗಿ ಕುಗ್ಗುತ್ತದೆ. ಈ ಕುಗ್ಗುವಿಕೆಯ ಹಿಡಿತ ಬಿಡಿತಗಳನ್ನು ನಿಯಂತ್ರಿಸುವ ಪ್ರೋಟೀನುಗಳ ಗುಂಪಿಗೆ ಟ್ರೋಪೊನಿನ್ ಎಂದು ಹೆಸರು. ಇದನ್ನು ಗುರುತಿಸಿದವರು ಜಪಾನಿನ ವಿಜ್ಞಾನಿ ಸೆತ್ಸುರೊ ಎಬಾಶಿ ಮತ್ತು ಅವರ ಸಂಗಡಿಗರು, 1960ರ ದಶಕದಲ್ಲಿ. ಹೃದಯದ ಸ್ನಾಯುವಿಗೇ ವಿಶಿಷ್ಟವಾದ ಟ್ರೋಪೊನಿನ್ನನ್ನು ರಕ್ತದಲ್ಲಿ ಅಳೆಯುವ ವಿಧಾನವು 1980ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಅದರಲ್ಲಿ ಜರ್ಮನಿಯ ಹ್ಯೂಗೊ ಕಾಟುಸ್ ಅವರ ಪಾತ್ರ ದೊಡ್ಡದು.

ಈ ವಸ್ತುವಿನ ನೆಲೆ ಹೃದಯದ ಕೋಶಗಳ ಒಳಗೆ. ಆರೋಗ್ಯವಂತರ ರಕ್ತದಲ್ಲಿ ಇದು ಇದ್ದೂ ಇಲ್ಲದಷ್ಟು ಅಲ್ಪ. ಕೋಶಕ್ಕೆ ಹಾನಿಯಾದಾಗ ಅದು ರಕ್ತಕ್ಕೆ ಸೋರುತ್ತದೆ. ರಾಗಿಯ ಕಣಜವನ್ನು ನೆನೆಸಿಕೊಳ್ಳೋಣ. ಕಣಜದ ತಳದಲ್ಲಿ ತೂತು ಬಿದ್ದರೆ ಕಾಳು ಅಂಗಳಕ್ಕೆ ಸುರಿಯುತ್ತದೆ. ಅಂಗಳದಲ್ಲಿ ಕಾಳು ಕಂಡವರಿಗೆ ಕಣಜ ತೂತಾಗಿದೆಯೆಂಬುದು ತಿಳಿಯುತ್ತದೆ; ತೂತು ಮಾಡಿದ್ದು ಇಲಿಯೋ ಮಳೆಯೋ ಹಳೆಯ ಗೋಡೆಯೋ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಕಣಜವನ್ನೇ ಬಗ್ಗಿ ನೋಡಬೇಕು. ಅಂತೆಯೇ ಟ್ರೋಪೊನಿನ್ ಏರಿದೆಯೆಂದ ಮಾತ್ರಕ್ಕೆ ರಕ್ತನಾಳ ಮುಚ್ಚಿಕೊಂಡು ಹೃದಯಾಘಾತವಾಗಿದೆಯೆಂದು ತೀರ್ಮಾನಿಸಲಾಗದು. ಮೂತ್ರಪಿಂಡದ ಕಾಯಿಲೆಯಲ್ಲಿ ಏರುತ್ತದೆ, ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಏರುತ್ತದೆ, ಮೈಯೆಲ್ಲ ನಂಜೇರಿದಾಗಲೂ ಏರುತ್ತದೆ.

ವೈರಾಣುವಿನ ಸೋಂಕಿನಲ್ಲಿ ಈ ತೂತು ಬೀಳಲು ಹಲವು ದಾರಿಗಳಿವೆ. ಶ್ವಾಸಕೋಶ ಸೋತು ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ಸಮಯದಲ್ಲಿ ಜ್ವರದಿಂದ ಹೃದಯವು ಓಡತೊಡಗಿ ಅದರ ಬೇಡಿಕೆ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದಂತೆ ಹೃದಯ ಬಳಲುತ್ತದೆ. ಇದು ಒಂದು ದಾರಿ. ವೈರಾಣುವನ್ನು ಎದುರಿಸಲು ಶರೀರವು ಎಬ್ಬಿಸಿದ ಉರಿಯೂತವು ಮಿತಿ ಮೀರಿ ಸ್ವಂತ ಅಂಗಗಳನ್ನೇ ಸುಡುವುದು ಎರಡನೆಯದು. ಸಣ್ಣ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು ಮೂರನೆಯದು. ಹೃದಯದ ಸ್ನಾಯುವೇ ಊದಿಕೊಳ್ಳುವ ಮಯೊಕಾರ್ಡೈಟಿಸ್ ನಾಲ್ಕನೆಯದು. ಮೊದಲೇ ಕೊಬ್ಬು ಕಟ್ಟಿದ್ದ ಹೃದಯದ ನಾಳವು ಈ ಗಲಿಬಿಲಿಯಲ್ಲಿ ಬಿರಿದು ನಿಜವಾದ ಹೃದಯಾಘಾತವಾಗುವುದು ಐದನೆಯದು. ಔಷಧವು ದಾರಿಗೆ ತಕ್ಕಂತೆ ಬೇರೆಯಾಗುವುದರಿಂದ, ವೈದ್ಯರು ಇ.ಸಿ.ಜಿ. ಮತ್ತು ಎಕೋ ಪರೀಕ್ಷೆಗಳನ್ನು ನೋಡದೆ ಅಂಕಿಯೊಂದನ್ನೇ ನಂಬಿ ಮುಂದುವರಿಯುವುದಿಲ್ಲ.

ಟ್ರೋಪೊನಿನ್ನಿನ ಜೊತೆಗೆ ಇನ್ನೆರಡು ಹೆಸರುಗಳು ನಮ್ಮ ಕಿವಿಗೆ ಬಿದ್ದವು. ಒಂದು ಬಿ.ಎನ್.ಪಿ. ಹೃದಯದ ಗೋಡೆಯು ಒತ್ತಡದಿಂದ ಹಿಗ್ಗಿದಾಗ ಇದು ಹೆಚ್ಚುತ್ತದೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಹಂದಿಯ ಮಿದುಳಿನಲ್ಲಿ; ಆದ್ದರಿಂದ ಹೆಸರಿನಲ್ಲಿ ಮಿದುಳು ಉಳಿದುಕೊಂಡಿದೆ, ಕೆಲಸ ಮಾತ್ರ ಹೃದಯದ್ದು. ಇನ್ನೊಂದು ಡಿ-ಡೈಮರ್. ಶರೀರದಲ್ಲಿ ಹೆಪ್ಪುಗಟ್ಟಿದ ರಕ್ತವು ಕರಗುವಾಗ ಉಳಿಯುವ ಚೂರುಗಳ ಲೆಕ್ಕ ಅದು. ಇದು ಹೃದಯಕ್ಕೇ ಮೀಸಲಾದ ಸೂಚಕವಲ್ಲದಿದ್ದರೂ ಕೋವಿಡ್ ಕಾಲದಲ್ಲಿ ಮನೆಮಾತಾಯಿತು.

ಅರ್ಧ ಎಂಬ ಮಾತಿನ ಮೂಲ

ಊರಿನ ಹಿರಿಯರ ಮೊಮ್ಮಗ ಹೇಳಿದ ಲೆಕ್ಕ ಸುಳ್ಳೇನೂ ಆಗಿರಲಿಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು. 2020ರ ಮಾರ್ಚ್‌ನಲ್ಲಿ ಚೀನಾದ ವುಹಾನ್ ನಗರದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಗೆ ದಾಖಲಾದ 416 ರೋಗಿಗಳ ಪೈಕಿ 82 ಮಂದಿಯಲ್ಲಿ ಹೃದಯದ ಹಾನಿಯ ಸೂಚನೆ ಕಂಡಿತು. ಆ 82 ಮಂದಿಯಲ್ಲಿ ಶೇಕಡಾ 51.2ರಷ್ಟು ಜನ ತೀರಿಕೊಂಡರು. ಹಾನಿ ಕಾಣದವರಲ್ಲಿ ತೀರಿಕೊಂಡವರು ಶೇಕಡಾ 4.5 ಮಾತ್ರ. ಅದೇ ನಗರದ ಇನ್ನೊಂದು ಅಧ್ಯಯನದಲ್ಲಿ 187 ರೋಗಿಗಳಿದ್ದು, ಟ್ರೋಪೊನಿನ್ ಏರಿದವರಲ್ಲಿ ಶೇಕಡಾ 59.6, ಏರದವರಲ್ಲಿ ಶೇಕಡಾ 8.9 ಮರಣಗಳಾದವು. ಮೇಲ್ನೋಟಕ್ಕೆ ಎದೆ ನಡುಗಿಸುವ ಅಂಕಿಗಳೇ.

ಆದರೆ ಒಳಹೊಕ್ಕು ನೋಡಿದರೆ ಬೇರೊಂದು ಚಿತ್ರವೂ ಇದೆ. ಟ್ರೋಪೊನಿನ್ ಏರಿದ್ದವರು ಹೆಚ್ಚಾಗಿ ವಯಸ್ಸಾದವರು. ಸಕ್ಕರೆ, ರಕ್ತದೊತ್ತಡ, ಹಳೆಯ ಹೃದ್ರೋಗಗಳಿದ್ದವರು. ಎರಡನೆಯ ಅಧ್ಯಯನದಲ್ಲಿಯೇ ಹೃದಯದ ಕಾಯಿಲೆ ಮೊದಲಿನಿಂದಲೂ ಇದ್ದು ಟ್ರೋಪೊನಿನ್ನೂ ಏರಿದವರಲ್ಲಿ ಮರಣವು ಶೇಕಡಾ 69ರಷ್ಟಿದ್ದರೆ, ಹಳೆಯ ಹೃದ್ರೋಗವಿಲ್ಲದೆ ಟ್ರೋಪೊನಿನ್ ಮಾತ್ರ ಏರಿದವರಲ್ಲಿ ಶೇಕಡಾ 37.5ರಷ್ಟಿತ್ತು. ಗಮನಿಸಬೇಕಾದ ಇನ್ನೊಂದು ಸಂಗತಿಯೂ ಅಲ್ಲಿದೆ. ಹಳೆಯ ಹೃದ್ರೋಗವಿದ್ದರೂ ಟ್ರೋಪೊನಿನ್ ಏರದವರಲ್ಲಿ ಮರಣವು ಶೇಕಡಾ 13ರ ಆಸುಪಾಸಿನಲ್ಲಿತ್ತು. ಎಂದರೆ, ಹೃದಯದ ಹಳೆಯ ಕಾಯಿಲೆಗಿಂತ ಸೋಂಕಿನ ಕಾಲದಲ್ಲಿ ಹೃದಯಕ್ಕೆ ಬಿದ್ದ ಹೊಸ ಪೆಟ್ಟು ಹೆಚ್ಚು ಅಪಾಯವನ್ನು ಸೂಚಿಸಿತು. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ 2,736 ರೋಗಿಗಳನ್ನು ಪರಿಶೀಲಿಸಿದಾಗ ಶೇಕಡಾ 36 ಮಂದಿಯಲ್ಲಿ ಟ್ರೋಪೊನಿನ್ ಏರಿತ್ತು. ಕೊಂಚ ಏರಿದವರಿಗೂ ಅಪಾಯವು ಸುಮಾರು ಒಂದೂಮುಕ್ಕಾಲು ಪಟ್ಟಾಗಿದ್ದು, ಬಹಳ ಏರಿದವರಿಗೆ ಮೂರು ಪಟ್ಟಾಗಿತ್ತು.

ಇನ್ನು ಕಾಲದ ಮಾತು. ವುಹಾನ್‌ನ ಆ ರೋಗಿಗಳು ಚಿಕಿತ್ಸೆಯ ದಾರಿಯೇ ತಿಳಿಯದಿದ್ದ ಮೊದಲ ತಿಂಗಳುಗಳವರು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗವು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧದಿಂದ ಕೃತಕ ಉಸಿರಾಟದಲ್ಲಿರುವವರ ಮರಣವನ್ನು ಮೂರರಲ್ಲಿ ಒಂದು ಪಾಲು, ಆಮ್ಲಜನಕ ಪಡೆಯುತ್ತಿರುವವರ ಮರಣವನ್ನು ಐದರಲ್ಲಿ ಒಂದು ಪಾಲು ತಗ್ಗಿಸಬಹುದೆಂದು ತೋರಿಸಿತು. ಭಾವನವರು ಆಸ್ಪತ್ರೆ ಸೇರುವ ಹೊತ್ತಿಗೆ ಆ ಔಷಧ ಎಲ್ಲೆಡೆ ಬಳಕೆಯಲ್ಲಿತ್ತು. ಆದ್ದರಿಂದ ಒಂದು ಊರಿನ, ಒಂದು ಕಾಲದ ಲೆಕ್ಕವನ್ನು ತಂದು ಇನ್ನೊಂದು ಊರಿನ ರೋಗಿಯ ಹಣೆಗೆ ಅಂಟಿಸುವುದು ನ್ಯಾಯವಲ್ಲ.

ಅಂಕಿಯ ಉಪಯೋಗ

ಹಾಗಾದರೆ ಈ ಪರೀಕ್ಷೆಯಿಂದ ಪ್ರಯೋಜನವೇ ಇಲ್ಲವೇ? ಇದೆ. ಯಾರ ಮೇಲೆ ಹೆಚ್ಚು ನಿಗಾ ಬೇಕೆಂಬುದನ್ನು ಅದು ತೋರಿಸಿಕೊಡುತ್ತದೆ. ಅಂದು ಆ ಆಸ್ಪತ್ರೆಯಲ್ಲಿ ಭಾವನವರನ್ನು ಸಾಮಾನ್ಯ ವಾರ್ಡಿನಿಂದ ಹೃದಯದ ಬಡಿತವನ್ನು ಹಗಲಿರುಳು ತೋರಿಸುವ ಯಂತ್ರವಿದ್ದ ಕೋಣೆಗೆ ಸಾಗಿಸಿದರು. ಎಕೋ ಪರೀಕ್ಷೆಯಲ್ಲಿ ಹೃದಯವು ರಕ್ತವನ್ನು ಹೊರದೂಡುವ ಶಕ್ತಿ ಶೇಕಡಾ 40ಕ್ಕೆ ಇಳಿದಿರುವುದು ಕಂಡಿತು. ಇ.ಸಿ.ಜಿ.ಯಲ್ಲಿ ನಾಳ ಮುಚ್ಚಿದ ಲಕ್ಷಣವಿರಲಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು, ಉರಿಯೂತ ತಗ್ಗಿಸುವ ಔಷಧ, ಆಮ್ಲಜನಕ, ಅಳತೆಯಿಟ್ಟು ಕೊಡುವ ದ್ರವ — ಚಿಕಿತ್ಸೆಯೆಂದರೆ ಇಷ್ಟೆ. ಟ್ರೋಪೊನಿನ್ನನ್ನು ಇಳಿಸುವ ಔಷಧವೆಂಬುದು ಇಲ್ಲವೇ ಇಲ್ಲ. ಇಳಿಸಬೇಕಾದದ್ದು ಹೃದಯದ ಹೊರೆಯನ್ನು.

ಒಂದು ಬಾರಿಯ ಅಂಕಿಗಿಂತ ಅಂಕಿಗಳ ನಡಿಗೆ ಮುಖ್ಯವೆಂಬುದು ಅಲ್ಲಿ ನಮಗೆ ತಿಳಿದ ಇನ್ನೊಂದು ಪಾಠ. ನಾಳ ಮುಚ್ಚಿದ ಹೃದಯಾಘಾತದಲ್ಲಿ ಟ್ರೋಪೊನಿನ್ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಶಿಖರ ಮುಟ್ಟಿ, ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಮೂತ್ರಪಿಂಡದ ಹಳೆಯ ಕಾಯಿಲೆಯಿದ್ದವರಲ್ಲಿ ಅದು ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ನಿಂತಿರಬಹುದು. ಭಾವನವರದು ಮೂರನೆಯ ಬಾರಿಗೆ ಹನ್ನೊಂದು ಪಟ್ಟಿಗೆ ಏರಿ, ಅನಂತರ ಮೆಲ್ಲಗೆ ಇಳಿಯತೊಡಗಿತು. ಪ್ರತಿ ಸಂಜೆ ಅಕ್ಕನವರು ಒಂದು ಹಳೆಯ ದಿನಚರಿಯಲ್ಲಿ ಆ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಹಾಲಿನ ಲೆಕ್ಕ ಬರೆಯುತ್ತಿದ್ದ ಪುಸ್ತಕವದು. ನಿವೇಶನವನ್ನು ಮಾರಿದೆವು. ಹದಿನಾರನೆಯ ದಿನ ಭಾವನವರು ಗಾಲಿಕುರ್ಚಿಯಲ್ಲಿ ಕುಳಿತು ಹೊರಬಂದರು.

ಇದನ್ನು ಗೆಲುವಿನ ಕಥೆಯೆಂದು ಹೇಳಿಕೊಳ್ಳಲು ನಮ್ಮ ಬಾಯಿ ಬಾರದು. ಅದೇ ವಾರ ನಮ್ಮ ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ 48 ವರ್ಷದ ಗೃಹಸ್ಥರೊಬ್ಬರು ಬೇರೊಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಟ್ರೋಪೊನಿನ್ ಕೊನೆಯವರೆಗೂ ಮಿತಿಯಲ್ಲಿಯೇ ಇತ್ತೆಂದು ಅವರ ತಮ್ಮ ಹೇಳಿದರು. ಅವರನ್ನು ಕೊಂಡೊಯ್ದದ್ದು ಶ್ವಾಸಕೋಶ. “ಹೃದಯ ಚೆನ್ನಾಗಿದೆ ಅಂದಿದ್ರು” ಎಂದು ಆತ ಮತ್ತೆ ಮತ್ತೆ ಹೇಳುತ್ತಿದ್ದರು. ಒಳ್ಳೆಯ ಅಂಕಿಯನ್ನು ನಂಬಿ ಧೈರ್ಯವಾಗಿದ್ದ ಮನೆಯಲ್ಲಿ ದೀಪ ನಂದಿತು; ಕೆಟ್ಟ ಅಂಕಿಗೆ ಹೆದರಿದ್ದ ಮನೆಯಲ್ಲಿ ದೀಪ ಉಳಿಯಿತು. ರಕ್ತವು ನುಡಿಯುವುದು ಸಾಕ್ಷಿಯನ್ನು. ತೀರ್ಪು ಹೇಳುವ ಅಧಿಕಾರ ಅದಕ್ಕಿಲ್ಲ.

ಅನಂತರದ ದಿನಗಳು

ಮನೆಗೆ ಬಂದ ಮೇಲೆ ಭಾವನವರು ಜಯನಗರದ 9ನೆಯ ಬಡಾವಣೆಗೆ ಹೊಂದಿಕೊಂಡ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತೋರಿಸಿಕೊಳ್ಳತೊಡಗಿದರು. ಚಿತ್ರದುರ್ಗದ ಮುರುಘಾಮಠದ ಶ್ರೀ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತಿರುವ ಈ ಸರ್ಕಾರಿ ಸಂಸ್ಥೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಮೈಸೂರು ಮತ್ತು ಕಲಬುರಗಿಗಳಲ್ಲಿಯೂ ಅದರ ಶಾಖೆಗಳಿವೆ. ಆರು ತಿಂಗಳು ಭಾರ ಎತ್ತುವುದು, ಓಡುವುದು, ಮಹಡಿ ಹತ್ತುವ ಆತುರ ಇವೆಲ್ಲ ಬೇಡವೆಂದರು. ಹೃದಯದ ಸ್ನಾಯು ಊದಿಕೊಂಡವರು ಮೂರರಿಂದ ಆರು ತಿಂಗಳ ಕಾಲ ಕಠಿಣ ಶ್ರಮವನ್ನು ಬಿಡಬೇಕೆಂಬುದು ತಜ್ಞರ ಸಾಮಾನ್ಯ ನಿಯಮ. ಆರನೆಯ ತಿಂಗಳ ಎಕೋದಲ್ಲಿ ಹೃದಯದ ಶಕ್ತಿ ಶೇಕಡಾ 55ಕ್ಕೆ ಮರಳಿತ್ತು.

ಆ ನಡುವೆಯೇ, 2021ರ ಅಕ್ಟೋಬರ್ 29ರಂದು, ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದರು. ನಾಡೇ ಅತ್ತಿತು. ಮರುದಿನಗಳಲ್ಲಿ ಜಯದೇವ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಜೊತೆಗೇ ಲಸಿಕೆಯಿಂದ ಹೃದಯ ನಿಲ್ಲುತ್ತದೆಯೆಂಬ ಮಾತು ಹಬ್ಬಿತು. 2025ರಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಮರಣಗಳ ಸುದ್ದಿ ಬಂದಾಗ ಅದೇ ಮಾತು ಮತ್ತೆ ತಲೆಯೆತ್ತಿತು. ನಮ್ಮ ಬೀದಿಯಲ್ಲಿಯೂ ಈ ಕುರಿತು ವಾದಗಳಾದವು.

ಭಯಕ್ಕೆ ಉತ್ತರ ಬೈಗುಳವಲ್ಲ, ವಿಚಾರಣೆ. ಅಂಥ ವಿಚಾರಣೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದವರಲ್ಲಿ ಸಂಭವಿಸಿದ ಕಾರಣ ತಿಳಿಯದ ಹಠಾತ್ ಮರಣಗಳನ್ನು ಪರಿಶೀಲಿಸಿತು. 729 ಮರಣಗಳನ್ನು 2,916 ಜೀವಂತ ವ್ಯಕ್ತಿಗಳೊಡನೆ ಹೋಲಿಸಿ ನೋಡಿದಾಗ, ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹಿಂದೆ ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದುದು, ಮನೆತನದಲ್ಲಿ ಹಠಾತ್ ಮರಣವಾಗಿದ್ದುದು, ಮರಣಕ್ಕೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಮದ್ಯ ಸೇವಿಸಿದ್ದುದು ಅಥವಾ ಅತಿ ಕಠಿಣ ವ್ಯಾಯಾಮ ಮಾಡಿದ್ದುದು ಅಪಾಯವನ್ನು ಹೆಚ್ಚಿಸಿದ್ದು ಕಂಡಿತು. ಹಾಸನದ ಪ್ರಕರಣಗಳ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿಯೂ 2025ರ ಜುಲೈನಲ್ಲಿ ವರದಿಯಿತ್ತು. ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಹಿಂದಿನ ಕೋವಿಡ್ ಸೋಂಕು ಅಥವಾ ಲಸಿಕೆಗೂ ಸಂಬಂಧ ಕಾಣಲಿಲ್ಲವೆಂದೂ, ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳೇ ಎದ್ದು ಕಾಣುತ್ತವೆಯೆಂದೂ ಅದು ತಿಳಿಸಿತು. ಬಹಳ ತೀವ್ರವಾಗಿ ಬಳಲಿ ಆಸ್ಪತ್ರೆ ಸೇರಿದ್ದವರು ಎಚ್ಚರದಿಂದಿರಬೇಕು. ಉಳಿದವರು ಸೋಂಕನ್ನೋ ಲಸಿಕೆಯನ್ನೋ ದೂರುತ್ತ ಬೀಡಿ ಸಿಗರೇಟು ಸೇದುತ್ತಿದ್ದರೆ ಹೃದಯ ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಸೋಂಕಿಗೂ ಹೃದಯಕ್ಕೂ ಇರುವ ನಂಟು ಕೋವಿಡ್‌ನೊಡನೆ ಹುಟ್ಟಿದ್ದಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಇನ್‌ಫ್ಲುಯೆಂಜಾ ಜ್ವರವು ಖಚಿತವಾದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಂಭವ ಉಳಿದ ಕಾಲಕ್ಕಿಂತ ಸುಮಾರು 6 ಪಟ್ಟು ಹೆಚ್ಚು. ಮಳೆಗಾಲದಲ್ಲಿ ನಮ್ಮ ಬಡಾವಣೆಗಳನ್ನು ಕಾಡುವ ಡೆಂಗೀ ಜ್ವರದಲ್ಲಿಯೂ ಕೆಲವರಿಗೆ ಹೃದಯದ ಸ್ನಾಯು ಊದಿಕೊಳ್ಳುವುದುಂಟು. 2024ರಲ್ಲಿ ಡೆಂಗೀ ಹೆಚ್ಚಿ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ಓದುಗರಿಗೆ ನೆನಪಿರಬಹುದು. ಪ್ಲೇಟ್‌ಲೆಟ್ ಎಣಿಕೆಯನ್ನು ಮಾತ್ರ ಕೇಳುವ ನಾವು, ರೋಗಿಗೆ ಎದೆನೋವು, ಏದುಸಿರು, ತಲೆಸುತ್ತು, ಅತಿ ನಿಧಾನವಾದ ನಾಡಿ ಇದೆಯೇ ಎಂಬುದನ್ನೂ ಗಮನಿಸಬೇಕು.

ಮನೆಯವರಿಗೆ ಕೆಲವು ಮಾತು

ಅನುಭವದಿಂದಲೂ ಓದಿನಿಂದಲೂ ನಮಗೆ ತಿಳಿದುಬಂದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ. ಮೊದಲನೆಯದು: ಎಲ್ಲ ಜ್ವರಕ್ಕೂ ಟ್ರೋಪೊನಿನ್ ಪರೀಕ್ಷೆ ಬೇಕೆಂದು ನಾವಾಗಿಯೇ ಪ್ರಯೋಗಾಲಯಕ್ಕೆ ಓಡಬಾರದು. ಹೃದಯಾಘಾತದ ಶಂಕೆಯಿದ್ದಾಗ ಮಾತ್ರ ಅದನ್ನು ಮಾಡಿಸಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಎಂಬ ಹೃದ್ರೋಗ ತಜ್ಞರ ಸಂಘವು 2020ರ ಮಾರ್ಚ್‌ನಲ್ಲಿಯೇ ವೈದ್ಯರಿಗೆ ಸಲಹೆಯಿತ್ತಿತ್ತು. ಬೇಡದ ಪರೀಕ್ಷೆ ಬೇಡದ ಭಯವನ್ನೂ ಬೇಡದ ಖರ್ಚನ್ನೂ ಹೆರುತ್ತದೆ.

ಎರಡನೆಯದು: ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸಬಾರದು. ಟ್ರೋಪೊನಿನ್‌ನಲ್ಲಿ ಟಿ ಎಂದೂ ಐ ಎಂದೂ ಎರಡು ಬಗೆಯ ಪರೀಕ್ಷೆಗಳಿವೆ; ಯಂತ್ರಕ್ಕೊಂದು ಮಿತಿಯಿದೆ. ಒಂದರ ಮಿತಿ ಲೀಟರಿಗೆ 14 ನ್ಯಾನೋಗ್ರಾಂ ಆಗಿದ್ದರೆ ಇನ್ನೊಂದರದು ಬೇರೆಯೇ ಆಗಿರುತ್ತದೆ. ವರದಿಯಲ್ಲಿ ಅಂಕಿಯ ಪಕ್ಕದಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡಬೇಕು. ಪಕ್ಕದ ಮನೆಯವರ ವರದಿ ನಮಗೆ ಅಳತೆಗೋಲಾಗದು.

ಮೂರನೆಯದು: ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ? ಇ.ಸಿ.ಜಿ. ಮತ್ತು ಎಕೋ ಏನು ಹೇಳುತ್ತವೆ? ಕಾರಣ ಯಾವುದೆಂದು ತೋರುತ್ತದೆ? ಮೂತ್ರಪಿಂಡ ಹೇಗಿದೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ “ಉಳೀತಾರಾ?” ಎಂಬ ಐದನೆಯ ಪ್ರಶ್ನೆಯನ್ನು ಕೇಳುವ ಅವಸರ ತಾನಾಗಿಯೇ ತಗ್ಗುತ್ತದೆ.

ನಾಲ್ಕನೆಯದು: ಆಸ್ಪತ್ರೆಯಿಂದ ಬಿಡುಗಡೆಯ ಪತ್ರ, ರಕ್ತದ ವರದಿ, ಇ.ಸಿ.ಜಿ. ಪಟ್ಟಿಗಳನ್ನು ಒಂದು ಕಡತದಲ್ಲಿ ಜೋಪಾನವಾಗಿಡಬೇಕು. ಮುಂದೊಂದು ದಿನ ಎದೆನೋವು ಬಂದರೆ ಹೊಸ ವೈದ್ಯರಿಗೆ ಆ ಕಡತವೇ ದಾರಿದೀಪ. ಟ್ರೋಪೊನಿನ್ ಏರಿದ್ದವರು ಗುಣವಾದ ಮೇಲೂ ಒಮ್ಮೆ ಹೃದ್ರೋಗ ತಜ್ಞರನ್ನು ಕಾಣುವುದು ಲೇಸು. ವಯಸ್ಸಾದವರು, ಹೃದಯದ ಕಾಯಿಲೆಯಿದ್ದವರು ಇನ್‌ಫ್ಲುಯೆಂಜಾ ಲಸಿಕೆಯ ವಿಚಾರವಾಗಿಯೂ ವೈದ್ಯರನ್ನು ಕೇಳಿ ತಿಳಿಯುವುದು ಒಳಿತು.

ಕೊನೆಯದಾಗಿ ಹಣದ ಮಾತು. ನಿವೇಶನ ಮಾರಲು ನಮಗೆ ಸಾಧ್ಯವಿತ್ತು, ಮಾರಿದೆವು. ಮಾರಲು ಏನೂ ಇಲ್ಲದ ಮನೆಗಳು ನಮ್ಮ ಬೀದಿಯಲ್ಲಿಯೇ ಇದ್ದವು. ಅಂಥ ಮನೆಯವರ ಮುಂದೆ “ಅರ್ಧ ಜನ ಉಳಿಯುತ್ತಾರೆ” ಎಂಬ ಧೈರ್ಯದ ಮಾತು ಸಾಲದು. ಆ ಮೇ ತಿಂಗಳಲ್ಲಿ ಮನೆಮನೆಗೆ ಬುತ್ತಿ ತಲುಪಿಸಿದ ಯುವಕರಿದ್ದರು, ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತವರಿದ್ದರು. ದಾಸೋಹವೆಂಬ ಪದಕ್ಕೆ ಅವರು ಹೊಸ ಅರ್ಥ ತಂದರು. ಇಂದು ಜ್ವರದ ಅಲೆ ಇಳಿದಿದೆ, ಕಾಯಿಲೆಗಳ ಖರ್ಚು ಇಳಿದಿಲ್ಲ. ಪ್ರತಿಯೊಂದು ಬಡಾವಣೆಯ ಸಮಾಜದವರೂ ಒಂದು ಚಿಕ್ಕ ವೈದ್ಯಕೀಯ ನಿಧಿಯನ್ನು ಇಟ್ಟುಕೊಂಡರೆ, ಯಾವ ಮನೆಯೂ ಬರಿಯ ಒಂದು ಅಂಕಿಗೆ ಹೆದರಿ ತನ್ನವರನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವ ಪ್ರಸಂಗ ಒದಗದು. ಉತ್ತರಹಳ್ಳಿಯ ನಮ್ಮ ಬೀದಿಯ ಹತ್ತು ಮನೆಗಳವರು ತಿಂಗಳಿಗೆ ತಲಾ ನೂರು ರೂಪಾಯಿಯಂತೆ ಇದನ್ನು ಆರಂಭಿಸಿದ್ದೇವೆ. ಮೊತ್ತ ಸಣ್ಣದು. ಕಳೆದ ಮಳೆಗಾಲದಲ್ಲಿ ಡೆಂಗೀ ತಗುಲಿದ ಒಬ್ಬ ಮನೆಗೆಲಸದ ತಾಯಿಯ ಎಕೋ ಪರೀಕ್ಷೆಗೆ ಅದು ಸಾಕಾಯಿತು. ಓದುಗ ಬಂಧುಗಳು ತಮ್ಮ ತಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡದನ್ನು ಕಟ್ಟುವಂತಾಗಲಿ ಎಂದು ಹಾರೈಸುತ್ತೇವೆ.